ಮರಿ ತೋರಿಸದ ಎರಡನೇ ಭಾಗ

ತಮಿಳು ಸೀಮೆಯ ಕಂಬೈನಲ್ಲೂರಿನ ಟೆಂಟ್ ಸಿನಿಮಾದಲ್ಲಿ ಹೆಂಗಸರ ಕಡೆ ಟಿಕೆಟ್ ಹರಿಯುತ್ತಿದ್ದ ಚಿನ್ನಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಲೆಯಡಿಕೆ ಉಗಿದವರನ್ನಾಗಲಿ, ಅಡ್ಡಗೋಡೆಯ ಆಚೆಯಿಂದ ಕತ್ತು ಚಾಚುವ ಗಂಡಸರನ್ನಾಗಲಿ ಅವಳು ಸುಮ್ಮನೆ ಬಿಟ್ಟವಳಲ್ಲ. ಆದರೂ ಸುತ್ತಲ ಕುರಿಹಟ್ಟಿಗಳ ಹೆಂಗಸರು ಅವಳಿದ್ದಾಳೆ ಅಂತಲೇ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಇಂಗ್ಲಿಷ್ ಪಿಕ್ಚರ್ ಬಂದರೆ ಕನ್ನಡದಲ್ಲಿ ಕತೆ ಹೇಳುವವಳು ಅವಳೊಬ್ಬಳೇ.

ಇಂಗ್ಲಿಷ್ ಅವಳಿಗೂ ಬರುತ್ತಿರಲಿಲ್ಲ, ಆ ಮಾತು ಬೇರೆ. ಕಾರಿಮಂಗಲಂ ಕಡೆಯ ಕುರಿಯವರ ಮಗಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ತೆರಡಕ್ಕೆ ಗಂಡ ತೀರಿಕೊಂಡ ಮೇಲೆ ಈ ಬಾಗಿಲಿಗೆ ಬಂದು ನಿಂತಳು. ಹೊಸ ಪಿಕ್ಚರ್ ಬಂದರೆ ಮೊದಲ ದಿನ ಬಾಯಿ ಮುಚ್ಚಿಕೊಂಡು ನೋಡುವಳು. ಎರಡನೇ ದಿನದಿಂದ ಮರಳಿನ ಮೇಲೆ ಹೆಂಗಸರ ನಡುವೆ ಕೂತು, ಪರದೆಯ ಸದ್ದನ್ನೂ ಮೀರಿಸಿ ಕತೆ ಶುರು ಮಾಡುವಳು. ತಮಿಳು ಹೆಂಗಸರು ಕೂಡ ಅವಳ ಕನ್ನಡಕ್ಕೆ ಕಿವಿ ಕೊಡುತ್ತಿದ್ದರು.

ಎಪ್ಪತ್ತೊಂದನೇ ಇಸವಿಯಲ್ಲಿ ಇಂಗ್ಲಿಷ್ ಮಾತು ಕೂಡಿಸಿದ ಒಂದು ಜಪಾನಿನ ಪಿಕ್ಚರ್ ಬಂತು. ಸಮುದ್ರದಿಂದ ಗುಡ್ಡದಂಥ ಮೃಗವೊಂದು ಎದ್ದು ಊರನ್ನೆಲ್ಲ ತುಳಿಯುತ್ತದೆ, ಉಕ್ಕಿನ ಮನುಷ್ಯನೊಬ್ಬ ಅದಕ್ಕೆ ಎದುರು ನಿಲ್ಲುತ್ತಾನೆ. ಹೊಡೆದಾಟದ ನಡುವೆ ಮೃಗ ಮುರಿದ ಬೀದಿಯಲ್ಲಿ ನಿಂತು, ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ಒಮ್ಮೆ ಕೂಗಿತು. ಮರಿಯನ್ನು ಸಂತೆಗೆ ಸಾಗಿಸಿದ ಮೇಲೆ ತಾಯಿಕುರಿ ಮೂರು ದಿನ ಹಟ್ಟಿ ಸುತ್ತುತ್ತಾ ಹಾಗೆಯೇ ಕತ್ತು ಹೊರಳಿಸುವುದನ್ನು ಚಿನ್ನಕ್ಕ ಹುಟ್ಟಿದಾಗಿನಿಂದ ಕಂಡಿದ್ದಳು.

ಮಾರನೆಯ ದಿನ, "ಇದ್ರ ಮರೀನ ಸಮುದ್ರದ ಅಡಗ್ನಾಗೆ ಆಕ್ಕೊಂಡು ಓಗ್ಬುಟ್ಟವ್ರೆ ಕಣ್ರೇ, ಅದ್ನ ಉಡುಕ್ಕೊಂಡು ಬಂದೈತೆ" ಎಂದಳು. ಅಲ್ಲಿಗೆ ಮೃಗ ಊರು ತುಳಿದದ್ದೆಲ್ಲ ನ್ಯಾಯವೇ ಆಯಿತು. ಕೊನೆಗೆ ಅದು ಸಮುದ್ರಕ್ಕೆ ಇಳಿದುಹೋದಾಗ ಹೆಂಗಸರ ಕಡೆ ಸೆರಗು ಒದ್ದೆಯಾಗದವರಿಲ್ಲ. ಹಟ್ಟಿಯ ಮುದುಕಿ ಕಾಳಿಯಮ್ಮ ಅವಳ ಕೈ ಹಿಡಿದು, "ಮರಿ ಸಿಕ್ತೇನೇ?" ಎಂದು ಕೇಳಿದಳು. ಎರಡನೇ ಭಾಗ ಬರುತ್ತದೆಂದು ಆಪರೇಟರ್ ಪಳನಿಸ್ವಾಮಿ ಹೇಳಿದ್ದ. "ಎರಡ್ನೇ ಭಾಗ್ದಾಗೆ ತೋರಿಸ್ತಾರೆ ಅತ್ತೆ. ನನ್ ಮಾತು" ಎಂದುಬಿಟ್ಟಳು ಚಿನ್ನಕ್ಕ.

ನಾಲ್ಕು ವರ್ಷ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಬಾವಿಕಟ್ಟೆಯಲ್ಲಿ, ಹರೂರು ಬಸ್ಸಿನಲ್ಲಿ, ಎಲ್ಲಿ ಕಂಡರೂ ಮರಿಯ ವಿಚಾರವೇ.

ಎಪ್ಪತ್ತೈದರಲ್ಲಿ ಎರಡನೇ ಭಾಗ ಬಂತು. ನಾಳೆ ಬನ್ನಿ ಅಂದರೆ ಯಾರೂ ಕೇಳಲಿಲ್ಲ, ಹಟ್ಟಿಗೆ ಹಟ್ಟಿಯೇ ಮೊದಲ ದಿನದ ಮೊದಲ ಆಟಕ್ಕೆ ಬಂದು ಕೂತಿತು. ಜಪಾನಿನವರಿಗೆ ಏನು ದಾಡಿ ಬಂದಿತ್ತೋ! ಅದೇ ಸೇತುವೆ ಮುರಿಯಿತು, ಅದೇ ರೈಲು ಉರುಳಿತು, ಅರ್ಧ ಪಿಕ್ಚರ್ ಹಳೆಯದನ್ನೇ ಕತ್ತರಿಸಿ ಅಂಟಿಸಿದ್ದು. ಉಕ್ಕಿನ ಮನುಷ್ಯ ಮಕ್ಕಳ ಜೊತೆ ಕುಣಿಯುತ್ತಿದ್ದ. ಮೃಗದ ಬೆನ್ನಿನ ಹೊಲಿಗೆ ಬಿಟ್ಟುಹೋಗಿ ವೇಷದೊಳಗಿನವನ ಅಂಗಿ ಕಾಣುತ್ತಿತ್ತು. ನಾಲ್ಕು ವರ್ಷ ಇವರೇನು ಕತ್ತೆ ಕಾಯುತ್ತಿದ್ದರೇ ಎಂದು ಚಿನ್ನಕ್ಕನ ಮೈಯೆಲ್ಲ ಉರಿಯಿತು.

ಇಂಟರ್‌ವಲ್‌ನಲ್ಲಿ ಮೆಷಿನ್ ರೂಮಿಗೆ ನುಗ್ಗಿದಳು. "ಏನ್ಲಾ ಪಳನಿ, ರೀಲಿನ ಪೆಟ್ಗೆ ಬದ್ಲಾಗೈತಾ?"

"ಇದೇ ಪಡಂ ಅಕ್ಕಾ, ನಾನ್ ಎನ್ನ ಪಣ್ಣುವೇನ್?" ಎಂದು ಅವನು ತಮಿಳಿನಲ್ಲಿ, ಬಂದ ಪಿಕ್ಚರೇ ಇದು ಎಂಬಂತೆ ಕೈ ಆಡಿಸಿದ. ಅವನಾದರೂ ಏನು ಮಾಡಿಯಾನು!

ಆಮೇಲೆ ಆದದ್ದು ಅದಕ್ಕಿಂತ ಅನ್ಯಾಯ. ಉಕ್ಕಿನ ಮನುಷ್ಯ ಮೃಗದ ಹೊಟ್ಟೆ ಸೀಳಿದ. ರಕ್ತ ಬರಲಿಲ್ಲ. ಒಳಗೆ ಬರೀ ತಂತಿ, ಚಕ್ರ, ಮಿಣುಕುವ ಒಂದು ಕೆಂಪು ಬಲ್ಬು. ಅದು ಯಾರೋ ಮಾಡಿಬಿಟ್ಟ ಯಂತ್ರವಂತೆ. ಗಂಡಸರ ಕಡೆ ಸೀಟಿ ಬಿತ್ತು, ನಗು ಎದ್ದಿತು.

"ಚಿನ್ನಕ್ಕಾ," ಕತ್ತಲಲ್ಲಿ ಕಾಳಿಯಮ್ಮನ ದನಿ, "ಮರಿ ಎಲ್ಲೇ?"

ಚಿನ್ನಕ್ಕನಿಗೆ ಜಪಾನಿನವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೆಯೇ ಬಂತು. ನಂಬಿ ಬಂದವರ ಕಿವಿಗೆ ನಾಲ್ಕು ವರ್ಷ ಹೂ ಮುಡಿಸಿದವಳು ತಾನೇ ಅಲ್ಲವೇ? ಎದ್ದು ನಿಂತಳು.

"ಮರಿ ಇಲ್ಲ ಅತ್ತೆ. ಆವತ್ತೂ ಇರ್ಲಿಲ್ಲ. ನಾನೇ ಸೇರ್ಸಿದ್ದು. ಬೈಯ್ರಿ, ಎಲ್ರೂ ಬೈಯ್ರಿ!"

ಕಾಳಿಯಮ್ಮ ಬೈದಳು. ಆದರೆ ಚಿನ್ನಕ್ಕ ಎಣಿಸಿದ್ದಕ್ಕಲ್ಲ.

"ಇಲ್ಲ ಅನ್ನಾಕೆ ನೀನ್ಯಾವಳೇ? ಅದು ಮರೀಗೆ ಕೂಗಿದ್ನ ನಾನು ಈ ಕಿವಿನಾಗೆ ಕೇಳಿವ್ನಿ. ಅರವತ್ತೊರ್ಸ ಕುರಿ ಮೇಯ್ಸಿದೋಳ್ಗೆ ತಾಯಿ ಕೂಗು ತಿಳಿಯಾಕಿಲ್ವಾ? ಈ ತಂತಿ ಸಾಮಾನು ಯಾವ್ದೋ ಬ್ಯಾರೆ. ಇವ್ರು ಮೋಸ ಮಾಡವ್ರೆ. ಕೂತ್ಕೊಂಡು ನಮ್ ಕತೆ ಯೋಳು."

"ಯೋಳಕ್ಕಾ," ಎಂದಿತು ಇನ್ನೊಂದು ದನಿ. "ಮರಿ ಸಿಕ್ತು ಅಂದ್ಬುಡು, ಮನೆಗೋಗ್ತೀವಿ."

ಚಿನ್ನಕ್ಕ ಪರದೆಗೆ ಬೆನ್ನು ಹಾಕಿ ಅವರ ಎದುರಿಗೆ ಕೂತಳು. ಸಿಕ್ಕಿತು ಅಂದರೆ ಮುಗಿದುಹೋಗುತ್ತಿತ್ತು, ಕೊಟ್ಟ ಮಾತೂ ಉಳಿಯುತ್ತಿತ್ತು. ಆದರೆ ಸಂತೆಗೆ ಹೋದ ಮರಿ ಹಟ್ಟಿಗೆ ಮರಳಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

"ಸಿಕ್ಕಿಲ್ಲ," ಎಂದು ಸಿಡುಕಿದಳು. "ಸುಳ್ಳು ಯೋಳಾಕೆ ನನ್ ಕೈಲಾಗಾಕಿಲ್ಲ. ಇನ್ನೂ ಉಡುಕ್ತಾ ಐತೆ."