ಡೇಗೆ ತೋರಿಸಿದವನು

ಕೊರೋನಾ ಬಂದ ವರ್ಷದ ವಸಂತದಲ್ಲಿ ನಾನು ಗ್ವಾಟೆಮಾಲಾದ ಕಾಡಿಗೆ ಹೋಗಬೇಕಾಗಿತ್ತು. ಹಕ್ಕಿ ನೋಡುವ ಹುಚ್ಚಿದ್ದ ಜಪಾನೀ ಹಿರಿಯರ ಒಂದು ಗುಂಪು ಅಲ್ಲಿಗೆ ಹೊರಟಿತ್ತು. ನಾನು ಅವರ ದುಭಾಷಿ. ಗಂಡನಿಗೆ ಜಪಾನಿನ ಕಾಶಿವಾ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ಅವರ ಹಿಂದೆ ಬಂದ ನಾನು ಮಗಳ ಶಾಲೆಯ ಪಾಲಕರ ಸಭೆಗಳಲ್ಲಿ, ತರಕಾರಿ ಅಂಗಡಿಯಲ್ಲಿ, ವಾರ್ಡಿನ ಕಸ ವಿಂಗಡಿಸುವ ಸರದಿಯಲ್ಲಿ ಜಪಾನೀಸ್ ಕಲಿತು, ಆಮೇಲೆ ಪರೀಕ್ಷೆಗಳನ್ನೂ ಪಾಸು ಮಾಡಿ, ಟೋಕಿಯೋದ ಒಂದು ಸಣ್ಣ ಪ್ರವಾಸ ಸಂಸ್ಥೆಗೆ ಆಗೊಮ್ಮೆ ಈಗೊಮ್ಮೆ ದುಡಿಯುತ್ತಿದ್ದೆ. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಪಾನೀಸಿಗೆ ತರುವುದು, ಇವರು ಕೇಳಿದ್ದನ್ನು ಅವನಿಗೆ ಮುಟ್ಟಿಸುವುದು, ಇಷ್ಟೇ ನನ್ನ ಕೆಲಸ.

ವಿಮಾನಗಳು ನಿಂತವು. ಪ್ರವಾಸ ರದ್ದಾಯಿತು. ಸಂಸ್ಥೆಯ ಮ್ಯಾನೇಜರ್ ಒಂದು ಉಪಾಯ ಹೂಡಿದ. ಗೈಡ್ ಪ್ರತಿ ಶನಿವಾರ ಬೆಳಗ್ಗೆ ತನ್ನ ಊರಿನ ಕಾಡಿನಲ್ಲಿ ಫೋನು ಹಿಡಿದು ನಡೆಯುವುದು, ಇವರು ಮನೆಯಲ್ಲೇ ಕೂತು ಪರದೆಯ ಮೇಲೆ ನೋಡುವುದು. ಅಲ್ಲಿ ಬೆಳಕು ಹರಿಯುವಾಗ ಇಲ್ಲಿ ನಮ್ಮ ಸಂಜೆಯ ಊಟ ಮುಗಿದಿರುತ್ತಿತ್ತು. ನಾನು ಮೇಜಿನ ಮೇಲಿನ ಸಾರಿನ ಪಾತ್ರೆ ಸರಿಸಿ ಅಲ್ಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ.

ಮೊದಲು ಹತ್ತಾರು ಮುಖಗಳಿದ್ದವು. ವರ್ಷ ಕಳೆಯುವಷ್ಟರಲ್ಲಿ ಬೇಸರಗೊಂಡವರು ಬಿಟ್ಟುಹೋಗಿ ಮೂವರು ಉಳಿದರು. ಒಬ್ಬರು ನಿವೃತ್ತ ಹೆಡ್ಮಾಸ್ಟರು. ಮನೆಯಲ್ಲಿ ಕೂತಿದ್ದರೂ ಟೈ ಕಟ್ಟಿಕೊಂಡೇ ಪರದೆಗೆ ಬರುತ್ತಿದ್ದರು. ಇನ್ನೊಬ್ಬರು ಹಲ್ಲಿನ ಡಾಕ್ಟರು, ಕ್ಲಿನಿಕ್ಕು ಮಗನಿಗೆ ಒಪ್ಪಿಸಿದ್ದರು. ಮೂರನೆಯವರು ಗಂಡ ತೀರಿಕೊಂಡ ಒಬ್ಬ ಹೆಂಗಸು, ಮಡಿಲಲ್ಲಿ ಯಾವಾಗಲೂ ಒಂದು ಬೆಕ್ಕು. ನನ್ನನ್ನು ಅವರು ‘ತ್ಸೂಯಾಕು-ಸಾನ್’ ಎಂದು ಕರೆಯುತ್ತಿದ್ದರು, ದುಭಾಷಿಯವರೇ ಅಂತ. ಗೈಡ್ ಅವರ ಬಾಯಲ್ಲಿ ‘ಗೈಡೋ-ಸಾನ್’ ಆಗಿದ್ದ.

ಅವನು ಐವತ್ತು ದಾಟಿದ, ಅಲ್ಲಿನ ಮಾಯಾ ಜನಾಂಗದ ಮನುಷ್ಯ. ಪಾಳುಬಿದ್ದ ಗುಡಿಗಳನ್ನು ಅಗೆಯಲು ಬಂದ ವಿದೇಶಿಯರ ಜೊತೆ ಓಡಾಡಿ ಇಂಗ್ಲಿಷ್ ಕಲಿತಿದ್ದ. ವಿಪರೀತ ಮಾತುಗಾರ; ಹಕ್ಕಿಗಳ ನಡುವೆ ಅಜ್ಜಿಯ, ಪೂರ್ವಿಕರ ಕಥೆಗಳೂ ಬರುತ್ತಿದ್ದವು. ಜಂಬವೂ ಇತ್ತು. ಹಕ್ಕಿ ಸಿಗದ ದಿನ ತಾನೇ ಹಕ್ಕಿಯಂತೆ ಕೂಗಿ ತೋರಿಸುತ್ತಿದ್ದ. ಒಮ್ಮೆ ದೊಡ್ಡ ಮರವೊಂದರಿಂದ ಉದ್ದುದ್ದ ಚೀಲಗಳಂತೆ ಗೂಡುಗಳು ತೂಗಾಡುವುದನ್ನು ತೋರಿಸಿದಾಗ ನನ್ನ ಬಾಯಿಂದ ತಾನಾಗಿ ‘ಗೀಜಗ!’ ಎಂಬ ಮಾತು ಬಿತ್ತು. ಅದು ಗೀಜಗವಲ್ಲ, ಒರೊಪೆಂಡೊಲ ಎಂಬ ಕಾಗೆಗಾತ್ರದ ಹಕ್ಕಿ. ಅವನು ಆ ಶಬ್ದವನ್ನು ಮೂರು ಸಲ ಉರು ಹೊಡೆದು, “ಯಾವ ಭಾಷೆ ಮೇಡಂ? ನಿಮ್ಮ ಊರಲ್ಲೂ ಹೀಗೇ ನೇತು ಹಾಕ್ತಾವಾ?” ಎಂದು ಕೇಳಿದ. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆ, ಅದರಲ್ಲಿ ತೂಗುವ ಗೂಡು, ಎಲ್ಲ ಅವನಿಗೆ ಹೇಳುತ್ತಿದ್ದೆ. ಹೆಡ್ಮಾಸ್ಟರು ಸಣ್ಣಗೆ ಕೆಮ್ಮಿದರು.

“ತ್ಸೂಯಾಕು-ಸಾನ್, ಅಡ್ಡ ಬಂದೆ, ಕ್ಷಮಿಸಿ. ಗೈಡೋ-ಸಾನ್‌ಗೆ ಒಂದು ವಿನಂತಿ. ಅವರ ಅಜ್ಜಿ, ಅವರ ಪೂರ್ವಿಕರು, ಗುಡಿ ಕಟ್ಟಿದ ಕಥೆ, ಎಲ್ಲ ತುಂಬ ಸ್ವಾರಸ್ಯವಾಗಿದೆ. ಆದರೆ ನಾವು ಹಕ್ಕಿ ನೋಡುವವರು. ಮನುಷ್ಯರ ವಿಷಯ ಅಷ್ಟು ಬೇಡ ಅಂತ ನೋವಾಗದ ಹಾಗೆ ಹೇಳ್ತೀರಾ?”

ನೋವಾಗದ ಹಾಗೆ ಹೇಳಿದೆ. ಅವನು ನಕ್ಕ. “ಸರಿ ಮೇಡಂ, ಮನುಷ್ಯ ಬಾಯಿ ಮುಚ್ಕೋತಾನೆ.” ಅಂದಿನಿಂದ ಅವನ ಮಾತು ಅರ್ಧಕ್ಕಿಳಿಯಿತು. ಅವನ ಊರಿಗೆ ಆಗ ಪ್ರವಾಸಿಗಳು ಬರುತ್ತಿರಲಿಲ್ಲ. ನಡೆಯಲು, ತೋರಿಸಲು ಅವನಿಗೆ ಉಳಿದಿದ್ದವರು ಈ ಮೂವರೇ.

ಮರುವರ್ಷದ ವಸಂತದಲ್ಲಿ ಅವನೇ ಒಂದು ಸುದ್ದಿ ತಂದ. ಊರಿಗೆ ಹತ್ತಿರದ ಒಂದು ಪಾಳುಗುಡಿಯ ನೆತ್ತಿಯಲ್ಲಿ, ಕಲ್ಲಿನ ಚಾಚಿನ ಮೇಲೆ, ಕಿತ್ತಳೆ ಎದೆಯ ಡೇಗೆಯೊಂದು ಮರಿ ಮಾಡಿದೆ. ಬಲು ಅಪರೂಪದ ಬೇಟೆಹಕ್ಕಿ. ಸಾಮಾನ್ಯವಾಗಿ ಕಡಿದಾದ ಬಂಡೆಗಳಲ್ಲಿ ಗೂಡು ಹುಡುಕಿಕೊಳ್ಳುವ ಅದು ಇಲ್ಲಿ ಗುಡಿಯನ್ನೇ ಬಂಡೆಯೆಂದು ಒಪ್ಪಿಕೊಂಡಿತ್ತು. ಎದುರಿಗಿನ ಇನ್ನೊಂದು ಗುಡಿಯನ್ನು ಹತ್ತಿದರೆ ಗೂಡು ನೇರ ಕಾಣುತ್ತದೆ, ಸಿಗ್ನಲ್ಲೂ ಚೆನ್ನಾಗಿ ಸಿಗುತ್ತದೆ ಎಂದ. ಟೆಲಿಸ್ಕೋಪಿನ ಕಣ್ಣಿಗೆ ಫೋನು ಕಟ್ಟಿ ತೋರಿಸುತ್ತೇನೆ ಎಂದ.

ಹಲ್ಲಿನ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಎದ್ದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಮುಂದಿನ ಶನಿವಾರಕ್ಕೆ ಮೊದಲೇ ಗೈಡ್ ನನಗೆ ಸಂದೇಶ ಕಳಿಸಿದ. ಮನೆಯಲ್ಲಿ ಹೆಂಡತಿಯ ಅಣ್ಣನಿಗೆ ಜ್ವರ, ತನಗೂ ಮೈ ಬಿಸಿಯಾಗಿದೆ, ಒಂದು ವಾರ ಬಿಡುವು ಕೊಡಿ. ನಾನು ಮ್ಯಾನೇಜರಿಗೆ ತಿಳಿಸಿದೆ. ಮ್ಯಾನೇಜರ್ ಹೆಡ್ಮಾಸ್ಟರಿಗೆ ತಿಳಿಸಿದ. ಸಂಜೆಗೆ ಹೆಡ್ಮಾಸ್ಟರು ನನಗೇ ಫೋನು ಮಾಡಿದರು.

“ಗೈಡೋ-ಸಾನ್ ಆರೋಗ್ಯ ಎಲ್ಲಕ್ಕಿಂತ ಮುಖ್ಯ. ಖಂಡಿತ ವಿಶ್ರಾಂತಿ ತಗೊಳ್ಳಲಿ,” ಎಂದರು. ಆಮೇಲೆ, “ಮರಿಗಳು ಮುಂದಿನ ವಾರಕ್ಕೆ ಹಾರಿಹೋಗ್ತಾವೆ ಅಂತ ಅವರೇ ಹೇಳಿದ್ರಲ್ಲ. ನನಗೆ ಎಪ್ಪತ್ತೆಂಟು ವಯಸ್ಸು. ಇದನ್ನ ಅವರಿಗೆ ಹೇಳಲೇಬೇಕು ಅಂತೇನಿಲ್ಲ. ಸುಮ್ಮನೆ ನಿಮ್ಮ ಹತ್ತಿರ ಹೇಳ್ಕೊಂಡೆ,” ಎಂದರು.

ಜಪಾನಿನಲ್ಲಿ ಅಷ್ಟು ವರ್ಷ ಕಳೆದವಳಿಗೆ ಅದರ ಅರ್ಥ ಗೊತ್ತಿತ್ತು. ನಾನು ಗೈಡ್‌ಗೆ ಏನೂ ಹೇಳಲಿಲ್ಲ, ವಿಶ್ರಾಂತಿ ತಗೊಳ್ಳಿ ಎಂದಷ್ಟೇ ಬರೆದೆ. ಆದರೆ ಮ್ಯಾನೇಜರ್ ಹೆಡ್ಮಾಸ್ಟರ ಆಸೆಯನ್ನು ನೇರವಾಗಿ ಅವನಿಗೆ ಬರೆದಿದ್ದ. ಶನಿವಾರ ನಾನು ಪರದೆ ತೆರೆದಾಗ ಅವನು ಆಗಲೇ ಗುಡಿಯ ಬುಡದಲ್ಲಿ ನಿಂತಿದ್ದ. ಒಂದರ ಮೇಲೊಂದು ಎರಡು ಮಾಸ್ಕು. ಹೆಗಲ ಮೇಲೆ ಟೆಲಿಸ್ಕೋಪು, ಮುಕ್ಕಾಲಿ. ಕಣ್ಣು ಕೆಂಪಗಿದ್ದವು.

“ಯಾಕೆ ಬಂದ್ರಿ? ಮನೆಗೆ ಹೋಗಿ,” ಎಂದೆ. “ಅವರೂ ಬೇಡ ಅಂತಿದ್ದಾರೆ.”

“ಮೇಡಂ, ನನಗೆ ಜಪಾನೀಸ್ ಬರಲ್ಲ. ಅವರ ಮುಖ ಮಾತ್ರ ಕಾಣುತ್ತೆ. ಬೇಡ ಅನ್ನೋರ ಮುಖ ಹಾಗಿರಲ್ಲ.” ಅವನು ಹತ್ತತೊಡಗಿದ.

ಆ ಮೆಟ್ಟಿಲುಗಳು ನಮ್ಮ ಕಡೆಯ ದೇವಸ್ಥಾನದ ಮೆಟ್ಟಿಲುಗಳ ಹಾಗಲ್ಲ; ಮೊಣಕಾಲೆತ್ತರಕ್ಕೆ, ಕಡಿದಾಗಿ, ಪಾಚಿ ಕಟ್ಟಿಕೊಂಡಿದ್ದವು. ಕೆಲವು ಹೆಜ್ಜೆ ಹತ್ತುವನು, ನಿಲ್ಲುವನು. ನಿಂತಾಗ ಫೋನು ಕೆಳಗೆ ಬಾಗುತ್ತಿತ್ತು. ಆಗ ನಮಗೆ ಕಾಣುತ್ತಿದ್ದದ್ದು ಒಂದು ಕಲ್ಲು, ಕಲ್ಲಿನ ಮೇಲೆ ಎಲೆಯ ಚೂರು ಹೊತ್ತು ಸಾಲಾಗಿ ಹೋಗುವ ಇರುವೆಗಳು. ಕೇಳುತ್ತಿದ್ದದ್ದು ಕೆಮ್ಮು, ಕೆಮ್ಮಿನ ನಡುವೆ ಅವನ ಉಸಿರು. ಒದ್ದೆ ಬಟ್ಟೆ ಹರಿದ ಹಾಗಿತ್ತು ಅದರ ಸದ್ದು.

“ಚಿತ್ರ ತುಂಬ ಅಲ್ಲಾಡ್ತಿದೆ,” ಎಂದರು ಡಾಕ್ಟರು.

ಬೆಕ್ಕಿನ ಹೆಂಗಸು ಅಂಗೈ ಜೋಡಿಸಿ ಮೆಲ್ಲಗೆ ಹೇಳಿದರು, “ಪಾಪ, ಎಷ್ಟು ಕಷ್ಟಪಡ್ತಿದ್ದಾರೆ. ಆದರೆ ಆ ಕೆಮ್ಮಿಗೆ ಡೇಗೆ ಹೆದರಿಕೊಂಡ್ರೆ? ಕೈ ಅಡ್ಡ ಹಿಡ್ಕೊಂಡ್ರೆ ಆಗಬಹುದೇನೋ.”

“ಅವರಿಗೆ ಹುಷಾರಿಲ್ಲ,” ಎಂದೆ ನಾನು. ಇದು ಯಾರ ಮಾತಿನ ಅನುವಾದವೂ ಅಲ್ಲ. “ನಿಲ್ಲಿಸಿ ಅಂತ ನೀವೇ ಹೇಳಬೇಕು. ನಿಮ್ಮ ಹೆಸರಲ್ಲಿ ನಾನು ಹೇಳಿದ್ರೆ ನಂಬ್ತಿಲ್ಲ.”

ಹೆಡ್ಮಾಸ್ಟರು ಟೈ ಸರಿಮಾಡಿಕೊಂಡರು. “ತಾವಾಗಿ ಹೊರಟಿರೋರನ್ನ ತಡೆಯೋದು ಅವರ ವೃತ್ತಿಗೆ ಅಗೌರವ, ತ್ಸೂಯಾಕು-ಸಾನ್. ನಾವು ಮೌನವಾಗಿ ಬೆಂಬಲಿಸೋಣ.”

ಮೂವರೂ ಮೌನವಾಗಿ ಬೆಂಬಲಿಸಿದರು. ನನ್ನ ಗಂಡ ತಟ್ಟೆ ತೊಳೆದಿಡುತ್ತಿದ್ದವರು ಬಂದು ನನ್ನ ಹಿಂದೆ ನಿಂತರು. “ಆ ಮನುಷ್ಯನಿಗೆ ಉಸಿರು ಸಿಕ್ತಿಲ್ಲ ಕಣೇ. ಆಫ್ ಮಾಡು ಅದನ್ನ.”

“ನಾನು ಆಫ್ ಮಾಡಿದ್ರೆ ನಂದು ಮಾತ್ರ ಆಫ್ ಆಗುತ್ತೆ ರೀ.”

ಮಗಳು ಅವರ ತೋಳಿನ ಕೆಳಗಿಂದ ಇಣುಕಿ ನೋಡಿದಳು. ಅವಳಿಗೆ ಗಾಬರಿಯಾದಾಗ ಬರುವುದು ಜಪಾನೀಸೇ. “ಅಮ್ಮ, ಆ ಅಂಕಲ್ ಸತ್ತುಹೋಗ್ತಾರಾ?” ಎಂದು ಸ್ಪಷ್ಟವಾಗಿ ಕೇಳಿದಳು. ನನ್ನ ಮೈಕು ತೆರೆದಿತ್ತು. ಮೂವರಿಗೂ ಕೇಳಿಸಿತು. ಬೆಕ್ಕಿನ ಹೆಂಗಸು ತಲೆ ತಗ್ಗಿಸಿದರು. ಡಾಕ್ಟರು ಕನ್ನಡಕ ಒರೆಸಿಕೊಂಡರು.

“ಮಗುವನ್ನ ಬೇರೆ ಕೋಣೆಗೆ ಕಳಿಸೋಕಾಗುತ್ತಾ? ಗಮನ ಕೆಡುತ್ತೆ,” ಎಂದರು ಹೆಡ್ಮಾಸ್ಟರು.

ಅವನು ನೆತ್ತಿ ಮುಟ್ಟಿದ. ಮುಕ್ಕಾಲಿ ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಚಿತ್ರ ಒಮ್ಮೆಗೇ ನಿಂತಿತು, ಶುಭ್ರವಾಯಿತು. ಎದುರಿನ ಗುಡಿಯ ಕಲ್ಲಿನ ಚಾಚು. ಅದರ ಮೇಲೆ ಕಪ್ಪು ತಲೆ, ಬಿಳಿ ಗಂಟಲು, ಅದರ ಕೆಳಗೆ ಹಣ್ಣಾದ ಕಿತ್ತಳೆಯ ಬಣ್ಣ. ಕಾಲಡಿಯಲ್ಲಿ ಒಂದು ಪುಟ್ಟ ಹಸಿರು ಗಿಳಿ. ಗಿಳಿ ಇನ್ನೂ ಸತ್ತಿರಲಿಲ್ಲ, ಒಂದು ರೆಕ್ಕೆ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ಡೇಗೆ ಅವಸರವಿಲ್ಲದೆ ಅದರ ಎದೆಯ ಗರಿಗಳನ್ನು ಒಂದೊಂದಾಗಿ ಕಿತ್ತು ಗಾಳಿಗೆ ಬಿಟ್ಟಿತು. ಹಿಂದೆ ಎರಡು ಮರಿಗಳು ಬಾಯಿ ಕಳೆದು ನಿಂತಿದ್ದವು.

ಡಾಕ್ಟರು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ಟರ ಕಣ್ಣಲ್ಲಿ ನಿಜಕ್ಕೂ ನೀರಿತ್ತು. “ಅರಿಗಾತೋ, ಅರಿಗಾತೋ ಗೈಡೋ-ಸಾನ್,” ಎಂದು ಅವರು ಪರದೆಗೆ ತಲೆಬಾಗಿದರು. ಅವನು ಕೂತಿದ್ದನೋ ಮಲಗಿದ್ದನೋ ತಿಳಿಯುತ್ತಿರಲಿಲ್ಲ. ಕೆಮ್ಮು ಮಾತ್ರ ಚಿತ್ರದ ಹೊರಗಿನಿಂದ ಬರುತ್ತಿತ್ತು. “ಚೆನ್ನಾಗಿ ಕಾಣ್ತಿದೆಯಾ ಮೇಡಂ?” ಎಂದು ಕೇಳಿದ. ಕಾಣ್ತಿದೆ ಎಂದೆ. “ಹೇಳಿದ್ನಲ್ಲ,” ಎಂದ. ಆ ದನಿಯಲ್ಲಿ ಹಳೆಯ ಜಂಬವೇ ಇತ್ತು.

ಅವನು ಹೇಗೆ ಇಳಿದನೋ ನನಗೆ ಗೊತ್ತಿಲ್ಲ. ಡೇಗೆ ತಿಂದು ಮುಗಿಸುವ ಮೊದಲೇ ಫೋನಿನ ಬ್ಯಾಟರಿ ತೀರಿತು.

ಎರಡು ಶನಿವಾರ ನಡಿಗೆ ಇರಲಿಲ್ಲ. ಅವನನ್ನು ದೂರದ ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಮ್ಯಾನೇಜರ್ ಹೇಳಿದ. ಮೂರನೆಯ ವಾರದ ನಡುವೆ, ತೀರಿಕೊಂಡ ಎಂದ. ಆ ಶನಿವಾರ ಎಲ್ಲರೂ ಸೇರಿ ಅವನ ಹೆಂಡತಿಗೆ ಸಂತಾಪ ಹೇಳುವುದೆಂದು ಹೆಡ್ಮಾಸ್ಟರು ಏರ್ಪಾಡು ಮಾಡಿದರು. ಮೂವರೂ ಕಪ್ಪು ಬಟ್ಟೆ ತೊಟ್ಟು ಬಂದಿದ್ದರು. ಹೆಂಡತಿಗೆ ಫೋನು ಹಚ್ಚುವ ಮೊದಲು ಒಂದು ನಿಮಿಷ ಮೌನ ಆಚರಿಸಿದರು. ಮೌನ ಮುಗಿದ ಮೇಲೆ ಡಾಕ್ಟರು, ಅವತ್ತಿನದು ರೆಕಾರ್ಡ್ ಆಗಿದೆಯಷ್ಟೇ ಎಂದು ವಿಚಾರಿಸಿದರು. ಬೆಕ್ಕಿನ ಹೆಂಗಸು ಅಳುತ್ತಲೇ, ಹೊಸ ಗೈಡ್ ಸಿಗಲು ಇನ್ನೆಷ್ಟು ದಿನವಾದೀತು ಎಂದು ಕೇಳಿದರು.

ಹೆಂಡತಿ ಪರದೆಗೆ ಬಂದಳು. ಪ್ರವಾಸಿಗಳಿಗೆ ಅಡುಗೆ ಮಾಡಿ ಬಡಿಸುತ್ತಿದ್ದವಳು. ಹರಕುಮುರುಕು ಇಂಗ್ಲಿಷ್ ಬರುತ್ತಿತ್ತು. ಹಿಂದೆ ಖಾಲಿ ಮಂಚ, ಗೋಡೆಗೆ ಒರಗಿಸಿದ ಮುಕ್ಕಾಲಿ. ಹೆಡ್ಮಾಸ್ಟರು ತಾವು ಬರೆದು ತಂದದ್ದನ್ನು ಓದಿದರು. ನಿಮ್ಮ ಪತಿ ನಮಗೆ ತೋರಿಸಿದ ಕೊನೆಯ ಹಕ್ಕಿ ನಾವಿರುವವರೆಗೂ ನಮ್ಮ ಕಣ್ಣಲ್ಲಿ ಹಾರುತ್ತಿರುತ್ತದೆ ಎಂದು ಅದರಲ್ಲಿತ್ತು. ಜಪಾನೀಸಿನಲ್ಲಿ ಅದು ಬಹಳ ಸುಂದರವಾಗಿತ್ತು. ನಾನು ಆದಷ್ಟು ಸುಂದರವಾಗಿಯೇ ಇಂಗ್ಲಿಷಿಗೆ ತಂದೆ.

ಅವಳು ಕೇಳಿಸಿಕೊಂಡಳು. “ಹಕ್ಕಿ ಚೆನ್ನಾಗಿ ಕಂಡಿತಾ ಇವರಿಗೆ?”

“ಕಂಡಿತು,” ಎಂದೆ.

“ಸಂತೋಷ ಆಯ್ತಾ?”

“ಆಯ್ತು.”

“ಹಾಗಿದ್ರೆ ಇವರಿಗೆ ಹೇಳು. ಅವನು ಇಳಿದು ಬಂದ ಮೇಲೆ ನೀರು ಕೂಡ ಗಂಟಲಲ್ಲಿ ಇಳೀಲಿಲ್ಲ. ಇವರು ಸಾಯೋವಾಗ ಇವರಿಗೂ ಹಾಗೇ ಆಗಲಿ. ಆಗ ಕಣ್ಣಲ್ಲಿ ಆ ಹಕ್ಕಿ ಇರಲಿ.”

ಮೂವರೂ ನನ್ನತ್ತ ನೋಡುತ್ತಿದ್ದರು, ಕೃತಜ್ಞತೆಯ ಮಾತಿಗೆ ಕಾಯುವವರ ಹಾಗೆ. ಜಪಾನೀಸಿನಲ್ಲಿ ಎಂಥ ಮಾತನ್ನೂ ಸುತ್ತಿ ಕೊಡಲು ಗೌರವದ ಪದಗಳಿವೆ. ಅವತ್ತು ಒಂದನ್ನೂ ಬಳಸಲಿಲ್ಲ. ಅವಳು ಹೇಳಿದಷ್ಟನ್ನೇ, ಅವಳು ಹೇಳಿದಷ್ಟೇ ನೇರವಾಗಿ ಹೇಳಿದೆ. ನೀರು, ಗಂಟಲು, ಸಾವು, ಹಕ್ಕಿ.

ಬೆಕ್ಕು ಮಡಿಲಿನಿಂದ ಇಳಿದು ಹೋಯಿತು. ಹೆಂಡತಿಯ ಚೌಕ ಕಪ್ಪಾಯಿತು, ಕರೆ ಕತ್ತರಿಸಿದ್ದಳು. ಹೆಡ್ಮಾಸ್ಟರು ಮಕ್ಕಳ ಉತ್ತರಪತ್ರಿಕೆ ತಿದ್ದುವ ದನಿಯಲ್ಲಿ ಹೇಳಿದರು:

“ಪತಿಯನ್ನ ಕಳ್ಕೊಂಡವರು ಹಾಗೆ ಹೇಳಿರಲಾರರು. ತ್ಸೂಯಾಕು-ಸಾನ್, ನಿಮ್ಮ ಜಪಾನೀಸಿನಲ್ಲೇ ಏನೋ ತಪ್ಪಾಗಿರಬೇಕು.”

“ತಪ್ಪಿಲ್ಲ,” ಎಂದೆ.

“ಪರದೇಶದವರಿಗೆ ಸೂಕ್ಷ್ಮ ತಿಳಿಯೋದು ಕಷ್ಟ. ನಾವು ಬೇಜಾರು ಮಾಡ್ಕೊಳ್ಳಲ್ಲ.” ಅವರು ನನಗೂ ತಲೆಬಾಗಿ ಹೊರಟುಹೋದರು. ಅವರ ಹಿಂದೆ ಡಾಕ್ಟರು. ಬೆಕ್ಕಿನ ಹೆಂಗಸು ಕೊನೆಗೆ ಉಳಿದವರು, “ಒತ್ಸುಕಾರೆಸಾಮ,” ಎಂದರು. ಕೆಲಸ ಮುಗಿಸಿದವರಿಗೆ ದಣಿದಿರಿ ಎಂದು ಹೇಳುವ ಮಾತು ಅದು.

ಸೋಮವಾರ ಮ್ಯಾನೇಜರ್ ಫೋನು ಮಾಡಿದ. ಗ್ರಾಹಕರ ಮನಸ್ಸಿಗೆ ನೋವಾಗಿದೆ, ಕ್ಷಮೆ ಕೇಳಿ ಒಂದು ಪತ್ರ ಬರೆದರೆ ಒಳ್ಳೆಯದು ಎಂದ. “ಆ ಹೆಂಗಸಿಗೆ ಯಾರು ಬರೀತಾರೆ?” ಎಂದು ಕೇಳಿದೆ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಅವರು ನಮ್ಮ ಗ್ರಾಹಕರಲ್ಲವಲ್ಲ,” ಎಂದ. ನಾನು ಪತ್ರ ಬರೆಯಲಿಲ್ಲ. ಮತ್ತೆ ಅವನು ಕರೆಯಲಿಲ್ಲ. ಮಳೆಗಾಲಕ್ಕೆ ಮೊದಲೇ ಹೊಸ ಗೈಡ್, ಹೊಸ ದುಭಾಷಿ ಸೇರಿ ಶನಿವಾರದ ನಡಿಗೆ ಮತ್ತೆ ಶುರುವಾಯಿತೆಂದು ಅವರ ಜಾಹೀರಾತಿನಲ್ಲಿ ಕಂಡಿತು. ಜಾಹೀರಾತಿನ ತುಂಬ ಕಿತ್ತಳೆ ಎದೆಯ ಡೇಗೆಯ ಚಿತ್ರ.

ಆ ವಾರ ನಾನು ಅವನ ಫೋನಿಗೆ, ಈಗ ಅವಳ ಬಳಿ ಇರಬಹುದೆಂದು, ಒಂದು ಸಂದೇಶ ಬರೆದೆ. ನೀವು ಹೇಳಿದ್ದನ್ನು ಇದ್ದ ಹಾಗೇ ಅವರಿಗೆ ಹೇಳಿದ್ದೇನೆ, ಒಂದು ಮಾತನ್ನೂ ಮೆತ್ತಗೆ ಮಾಡಿಲ್ಲ ಎಂದು. ಸಂದೇಶದ ಪಕ್ಕದಲ್ಲಿ ಕಳಿಸಿದ್ದಕ್ಕೆ ಒಂದು ಟಿಕ್ ಗುರುತು ಮೂಡಿತು. ಮುಟ್ಟಿದ್ದಕ್ಕೆ ಮೂಡಬೇಕಾದ ಎರಡನೆಯದು ಮೂಡಲೇ ಇಲ್ಲ.