ಡಿ ಬ್ಲಾಕಿನ ಬಿಸಿಲು

ಕೋವಿಡ್ ಅಡಗಿ ಜನ ಮತ್ತೆ ಮಾಸ್ಕ್ ಇಲ್ಲದೆ ಲಿಫ್ಟಿನಲ್ಲಿ ಒತ್ತಿಕೊಂಡು ನಿಲ್ಲತೊಡಗಿದ ವರ್ಷ, ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಗೌರವ ಕಾರ್ಯದರ್ಶಿಯಾದೆ. ಸಂಬಳವಿಲ್ಲದ ಹುದ್ದೆ. ಮನೆಯ ಹೊರಗೆ ನಾನು ಹೊತ್ತ ಹುದ್ದೆಯೆಂದರೆ ಇದೊಂದೇ. ನನ್ನ ಯಜಮಾನರು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅವರ ಅನುಭವ ಕೇಳಲು ಜನ ಬರುತ್ತಾರೆ. ನನ್ನದು ಮೂರು ವರ್ಷದ ಅನುಭವ, ಅದರಲ್ಲಿ ಹೇಳುವಂಥದ್ದು ಒಂದೇ ಪ್ರಕರಣ. ಅದನ್ನು ಬರೆಯಲು ಕೂತರೆ ಇಂದಿಗೂ ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಒಂದು ಸಂತೋಷವೂ ಬರುತ್ತದೆ. ಎರಡನ್ನೂ ಮುಚ್ಚಿಡುವುದಿಲ್ಲ.

ನನ್ನನ್ನು ಆರಿಸಿದ್ದು ಕೈಬರಹಕ್ಕಾಗಿ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಡಿದು ಕಲಿಸಿದ ಓರೆ ಅಕ್ಷರ ಅದು. ಚೇರ್‌ಮನ್ ಭರತ್‌ಭಾಯ್ ಸಭೆಯಲ್ಲಿ, "ಸುನೀತಾಬೆನ್ ಬರೆದರೆ ಪ್ರಿಂಟ್ ಮಾಡಿದ ಹಾಗಿರುತ್ತದೆ. ಮಾತು ನಾವು ಆಡೋಣ, ಬೆನ್ ಬರೆದುಕೊಳ್ಳಲಿ," ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆನ್ ಅಂದರೆ ಅಕ್ಕ, ತಂಗಿ. ಇಲ್ಲಿ ಹೆಂಗಸರ ಹೆಸರಿಗೆ ಅದನ್ನು ಸೇರಿಸದೆ ಯಾರೂ ಕರೆಯುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಎ, ಬಿ, ಸಿ ಎಂಬ ಹನ್ನೊಂದು ಮಹಡಿಯ ಮೂರು ಟವರ್‌ಗಳಿವೆ. ನಾವಿರುವುದು ಬಿ ಟವರಿನಲ್ಲಿ. ಅವುಗಳ ಬದಿಯಲ್ಲಿ ನಾಲ್ಕೇ ಮಹಡಿಯ ಡಿ ಬ್ಲಾಕ್. ಬಿಲ್ಡರ್ ಮೊದಲು ಕಟ್ಟಿದ್ದು ಅದನ್ನೇ. ಚಿಕ್ಕ ಮನೆಗಳು, ಲಿಫ್ಟ್ ಇಲ್ಲ. ಸ್ಕೂಲ್ ವ್ಯಾನ್ ಓಡಿಸುವವರು, ಹೊಲಿಗೆಯವರು, ಪೆನ್ಶನ್ ನಂಬಿದವರು ಅಲ್ಲಿದ್ದಾರೆ. ಆದರೆ ಅದರ ಟೆರೇಸ್ ದೊಡ್ಡದು, ಒಡೆದ ಬಿಳಿ ಟೈಲ್ಸ್ ಹಾಸಿದ್ದು. ಮೇಲಿನ ಮಹಡಿಯ ಹಂಸಾಬೆನ್ ಎಂಬ ವಿಧವೆ ಇನ್ನೂ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಅಲ್ಲಿ ಬೇಸಿಗೆಯಲ್ಲಿ ಹಪ್ಪಳ, ಆಲೂಗಡ್ಡೆ ವೇಫರ್, ಚಳಿಗಾಲದಲ್ಲಿ ಊಟದ ನಂತರ ಬಾಯಿಗೆ ಹಾಕಿಕೊಳ್ಳುವ ನೆಲ್ಲಿಕಾಯಿ ಮುಖವಾಸ ಒಣಗಿಸುತ್ತಿದ್ದರು. ಐದು ಮನೆಗಳ ಅನ್ನ ಆ ಟೆರೇಸಿನ ಮೇಲಿತ್ತು.

ಆ ಮಳೆಗಾಲದಲ್ಲಿ ಸೋಲಾರ್ ಪ್ರಸ್ತಾಪ ಬಂತು. ಟೆರೇಸ್ ಮೇಲೆ ಪ್ಯಾನೆಲ್ ಹಾಕಿ, ನೆಟ್ ಮೀಟರ್ ಮೂಲಕ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟರೆ, ಕೊಟ್ಟಷ್ಟು ಯೂನಿಟ್ ಸೊಸೈಟಿಯ ಕಾಮನ್ ಮೀಟರಿನಲ್ಲಿ ಕಡಿತವಾಗುತ್ತದೆ. ಕಾಮನ್ ಮೀಟರ್ ಅಂದರೆ ಲಿಫ್ಟ್, ಪಂಪ್, ಕ್ಲಬ್‌ಹೌಸ್, ಜಿಮ್. ನನಗೆ ಒಳ್ಳೆಯ ಕೆಲಸವೆಂದೇ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ವಡೋದರಾದ ಕಂಪನಿಯೊಂದು ಎಲ್ಲ ಟೆರೇಸ್‌ಗಳ ಸರ್ವೆ ಮಾಡಲಿದೆ, ಡಿ ಬ್ಲಾಕಿನವರ ಒಪ್ಪಿಗೆ ಬೇಕು ಎಂದು ಭರತ್‌ಭಾಯ್ ಒಂದು ಇಂಗ್ಲಿಷ್ ಪತ್ರ ಕೊಟ್ಟರು. "ನೀವು ಹೋದರೆ ಅವರು ಬೇಗ ಸಹಿ ಹಾಕ್ತಾರೆ ಬೆನ್. ನಾನು ಹೋದರೆ ನೂರು ಪ್ರಶ್ನೆ."

ಕಾನ್ವೆಂಟಿನಲ್ಲಿ ಓದಿದವಳು ನಾನು. ಪತ್ರದ ಎರಡನೆಯ ಪುಟದಲ್ಲಿ ಸರ್ವೆಯ ಜೊತೆಗೆ 'ಮತ್ತು ತದನಂತರದ ಅಳವಡಿಕೆ' ಎಂದಿತ್ತು. ಓದಿದೆ, ಅದೂ ಯಾವುದೋ ಲೆಟರ್‌ಹೆಡ್ ಭಾಷೆ ಎಂದುಕೊಂಡೆ. ನಾಲ್ಕು ಮಹಡಿ ಹತ್ತಿ ಇಳಿದು ಹದಿನಾರು ಮನೆಯ ಸಹಿ ತಂದೆ. ಹಂಸಾಬೆನ್ ಅರಿಸಿನದ ಕೈ ಒರೆಸಿಕೊಂಡು ಬಂದು, "ಏನಿದು?" ಎಂದರು. "ಮೇಲೆ ಬಂದು ನೋಡಿ ಹೋಗ್ತಾರಂತೆ, ಅಷ್ಟೆ," ಎಂದೆ. ಅವರು ಓದಲಿಲ್ಲ. "ನೀವು ಹೇಳಿದ ಮೇಲೆ ಆಯ್ತಲ್ಲ," ಎಂದು ಸಹಿ ಹಾಕಿದರು. ಕಾಗದದ ಅಂಚಿನಲ್ಲಿ ಅವರ ಹೆಬ್ಬೆರಳಿನ ಹಳದಿ ಉಳಿಯಿತು.

ದೀಪಾವಳಿಗೆ ನಾವು ಮಂಗಳೂರಿಗೆ ಹೋಗಿ ಹದಿನೈದು ದಿನ ಇದ್ದು ಬಂದೆವು. ಮರಳುವಷ್ಟರಲ್ಲಿ ಡಿ ಬ್ಲಾಕಿನ ಟೆರೇಸ್ ತುಂಬ ಪ್ಯಾನೆಲ್ ನಿಂತಿತ್ತು. ಮೆಟ್ಟಿಲ ತುದಿಯ ಬಾಗಿಲಿಗೆ ಬೀಗ, ಹೊಸದು, ಎಣ್ಣೆಯ ಜಿಡ್ಡು ಇನ್ನೂ ಹೋಗಿರಲಿಲ್ಲ. ಕರೆಂಟಿನ ಅಪಾಯವಿದೆಯೆಂದು ಬೀಗದ ಕೈ ಚೇರ್‌ಮನ್ನರ ಬಳಿ. ಬೀಗದ ಕೆಳಗಿನ ಮೆಟ್ಟಿಲಲ್ಲಿ ಹಂಸಾಬೆನ್ ಹೆಚ್ಚಿದ ನೆಲ್ಲಿಕಾಯಿಯ ಬುಟ್ಟಿ ಹಿಡಿದು ಕೂತಿದ್ದರು. ಎರಡು ದಿನ ಮೆಟ್ಟಿಲಲ್ಲೇ ಹರಡಿದ್ದರಂತೆ, ಬೂಷ್ಟು ಬಂದಿತ್ತು. ನನ್ನನ್ನು ಬೈಯಲಿಲ್ಲ. "ನೋಡಿ ಹೋಗ್ತಾರೆ ಅಂದಿದ್ದಿರಲ್ಲ ಬೆನ್," ಎಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ತುತ್ತು ಬಾಯಿಗಿಟ್ಟು, "ಯಾರ ಮೇಲೆ ಸಿಟ್ಟು ಮಾರಾಯ್ತಿ? ನನ್ನ ಮೇಲಾ?" ಎಂದರು.

"ನಿಮ್ಮ ಮೇಲಲ್ಲ. ನನ್ನ ಮುಖ ತೋರಿಸಿ ಅವರು ಸಹಿ ತಕ್ಕೊಂಡದ್ದು."

"ಹಾಗಾದ್ರೆ ಹೋಗಿ ಒಮ್ಮೆ ಸರೀ ಬೈದು ಬಾ."

"ಬೈದ್ರೆ ಅವರಿಗೆ ಎಂತ ಆಗ್ತದೆ? ನಗಾಡ್ತಾರೆ."

ಮಾರನೆಯ ವಾರ ಕಮಿಟಿ ಸಭೆಯಲ್ಲಿ ಮೆತ್ತಗೆ ವಿಷಯ ಎತ್ತಿದೆ. ಡಿ ಬ್ಲಾಕನ್ನೇ ಏಕೆ ಆರಿಸಿದಿರಿ? "ಟೆಕ್ನಿಕಲ್ ಕಾರಣ," ಎಂದರು ಭರತ್‌ಭಾಯ್, ಪೆನ್ನಿನ ಕ್ಯಾಪ್ ತೆಗೆಯುತ್ತ, ಹಾಕುತ್ತ. ಅಲ್ಲಿಯ ಹೆಂಗಸರನ್ನು ಒಂದು ಮಾತು ಕೇಳಬಹುದಿತ್ತಲ್ಲ? "ಅರೆ ಬೆನ್, ಡಿ ಬ್ಲಾಕಿನವರನ್ನ ಕೇಳುತ್ತಾ ಕೂತರೆ ನಮಗೆ ಸೋಲಾರ್ ಅಲ್ಲ, ಸಗಣಿಯ ಬೆರಣಿಯೇ ಗತಿ!" ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ, ಬರೆದುಕೊಂಡೆ. ಮಿನಿಟ್ಸ್ ಅಂದರೆ ಸಭೆಯ ನಡಾವಳಿ. ಅದರಲ್ಲಿ ಸಾರಾಂಶ ಬರೆಯುವುದು ರೂಢಿ. ನಾನು ಅವರ ವಾಕ್ಯವನ್ನು ಒಂದು ಅಕ್ಷರ ಬಿಡದೆ, ಉದ್ಧರಣ ಚಿಹ್ನೆಯೊಳಗೆ, ನನ್ನ ಅತ್ಯಂತ ಚಂದದ ಓರೆ ಅಕ್ಷರದಲ್ಲಿ ಬರೆದು ಸಹಿಗೆ ಮುಂದಿಟ್ಟೆ. ಎಂದಿನಂತೆ ಅವರು ಓದದೆ ಸಹಿ ಹಾಕಿದರು.

ಮುಂದೆ ಕಾರ್ಯದರ್ಶಿಯಾಗಿ ಕಂಪನಿಗೆ ಒಂದು ವಿನಯದ ಪತ್ರ ಬರೆದೆ: ದಾಖಲೆಗಾಗಿ ಯೋಜನೆಯ ಎಲ್ಲ ನಕ್ಷೆಗಳನ್ನೂ ಕಳುಹಿಸಬೇಕು. ನಾಲ್ಕೇ ದಿನದಲ್ಲಿ ಬಂದವು. ಮೊದಲ ನಕ್ಷೆಯಲ್ಲಿ ಪ್ಯಾನೆಲ್‌ಗಳಿದ್ದದ್ದು ಎ ಟವರಿನ ಮೇಲೆ, ಅಂದರೆ ಭರತ್‌ಭಾಯ್ ಅವರ ಮನೆಯ ನೆತ್ತಿಯ ಮೇಲೆ. ಎರಡನೆಯ ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದ ಒಂದು ಸಾಲು: ಚೇರ್‌ಮನ್ನರ ಸೂಚನೆಯಂತೆ ಸ್ಥಳ ಬದಲಾವಣೆ.

ಇಷ್ಟೇ ಸಾಲದು ಎಂದು ನನಗೆ ಗೊತ್ತಿತ್ತು. ಮೋಸ ಎಂದರೆ ಟವರಿನವರು ಚ್ಚು ಚ್ಚು ಅನ್ನುತ್ತಾರೆ, ಕೈ ಎತ್ತುವುದಿಲ್ಲ. ಸಭೆಯಲ್ಲಿ ಮತ ಹೆಚ್ಚು ಅವರದೇ. ಕೈ ಎತ್ತಬೇಕಾದರೆ ಪೆಟ್ಟು ಅವರಿಗೂ ತಗಲಬೇಕು. ದಾರಿ ತೋರಿಸಿದ್ದು ಹಂಸಾಬೆನ್, ತಮಗೇ ತಿಳಿಯದೆ. ದಾಖಲೆಗೆ ಫೋಟೊ ತೆಗೆಯಬೇಕೆಂದು ಬೀಗ ತೆಗೆಸಿ ಅವರನ್ನೂ ಕರೆದುಕೊಂಡು ಮೇಲೆ ಹೋದಾಗ, ಪ್ಯಾನೆಲ್‌ಗಳ ಕೆಳಗೆ ಬಿಳಿ ಟೈಲ್ಸ್ ಮೇಲೆ ಕೆಂಪು ಕಾವಿಯ ಗೆರೆಗಳು ಕಂಡವು.

"ಇವೇನು ಹಂಸಾಬೆನ್?"

"ನೆರಳಿನ ಗೆರೆ. ಆ ಎ ಟವರ್ ಎದ್ದ ವರ್ಷ ನನ್ನ ಹಪ್ಪಳ ಒಣಗದೆ ಒಂದು ಸಲದ ಇಡೀ ಹಿಟ್ಟು ಹಾಳಾಯ್ತು. ಆಮೇಲೆ ಗೆರೆ ಹಾಕಿಟ್ಟೆ. ಇದು ಹೋಳಿಯದು, ಇದು ದಿವಾಲಿಯದು. ಪೌಷದಲ್ಲಂತೂ ಎರಡೂವರೆಗೆ ಇಲ್ಲಿವರೆಗೆ ಬರುತ್ತೆ, ಮೂರಕ್ಕೆ ಎಲ್ಲ ಮುಗೀತು. ಅಷ್ಟರೊಳಗೆ ಒಣಹಾಕಿದ ಕಾಟ್ ಎಳ್ಕೊಂಡು ಆ ಮೂಲೆಗೆ ಓಡಬೇಕು."

"ಕಂಪನಿಯವರಿಗೆ ಇದನ್ನ ಹೇಳಲಿಲ್ಲವೇ?"

"ಕೇಳಿದ್ದರೆ ಹೇಳ್ತಿದ್ದೆ. ಅವರು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಎಲ್ಲ ಕಡೆ ಬಿಸಿಲೇ."

ನಾನು ಮನೆಗೆ ಬಂದು ಯಜಮಾನರನ್ನು ಕೇಳಿದೆ. ಅವರು ಚಪಾತಿ ಡಬ್ಬದ ಮೇಲೆ ಬೆರಳಿಂದ ಚಿತ್ರ ಬರೆದು ವಿವರಿಸಿದರು. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಕೈ ಕೈ ಹಿಡಿದು ನಡೆಯುವ ಮಕ್ಕಳ ಸಾಲಿನಲ್ಲಿ ಒಬ್ಬ ಕುಂಟಿದರೆ ಎಲ್ಲರೂ ನಿಧಾನವಾಗುವಂತೆ, ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಉಳಿದವೂ ಕುಗ್ಗುತ್ತವೆ. ನನಗೆ ಅಷ್ಟು ಸಾಕಿತ್ತು.

ಸರ್ವ ಸದಸ್ಯರ ಸಭೆಯ ಸ್ಥಳ, ಸಮಯ ನಿಗದಿ ಮಾಡಿ ನೋಟಿಸ್ ಹೊರಡಿಸುವುದು ಕಾರ್ಯದರ್ಶಿಯ ಅಧಿಕಾರ. ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆ, ಡಿ ಬ್ಲಾಕಿನ ಟೆರೇಸ್ ಎಂದು ಬರೆದೆ. ಭರತ್‌ಭಾಯ್ ಫೋನ್ ಮಾಡಿದರು. "ಅಲ್ಲಿ ಯಾಕೆ ಬೆನ್? ಕ್ಲಬ್‌ಹೌಸ್ ಇದೆಯಲ್ಲ."

"ಸೋಲಾರ್ ಉದ್ಘಾಟನೆ ಅಲ್ಲವೇ ಭರತ್‌ಭಾಯ್? ಬಿಸಿಲಲ್ಲೇ ಆಗಲಿ ಅಂತ. ಪ್ಯಾನೆಲ್ ಮುಂದೆ ನಿಮ್ಮ ಫೋಟೊ ಚೆನ್ನಾಗಿ ಬರುತ್ತದೆ."

ಅವರಿಗೆ ಮಾತು ಹಿಡಿಸಿತು. ಫೋಟೊಗ್ರಾಫರನಿಗೆ ತಾವೇ ಹೇಳಿದರು.

ಪ್ಯಾನೆಲ್‌ಗಳ ಮುಂದೆ ಉಳಿದ ಜಾಗದಲ್ಲಿ ಕುರ್ಚಿಗಳನ್ನು ನಾನೇ ನಿಂತು ಹಾಕಿಸಿದೆ. ಅಧ್ಯಕ್ಷರ ಕುರ್ಚಿಯನ್ನು ನೆರಳು ಮೊದಲು ಮುಟ್ಟುವ ಗೆರೆಯ ಮೇಲೆ ಸರಿಯಾಗಿ ಇಟ್ಟೆ. ಎರಡು ಗಂಟೆಗೆ ಟೆರೇಸ್ ತುಂಬ ಬಿಸಿಲು. ಭರತ್‌ಭಾಯ್ ಸ್ವಚ್ಛ ಶಕ್ತಿ, ಮಕ್ಕಳ ಭವಿಷ್ಯ, ಎಲ್ಲರ ಸಹಭಾಗಿತ್ವ ಎಂದು ಮಾತಾಡಿದರು; ಚೆನ್ನಾಗಿಯೇ ಮಾತಾಡಿದರು. ಅವರ ಭುಜದ ಮೇಲೆ ಬಿಸಿಲು ಬೆರಳಷ್ಟಗಲ ಉಳಿದಾಗ ನಾನು ಎದ್ದು ಕೇಳಿದೆ: "ಹಂಸಾಬೆನ್, ಗಂಟೆ ಎಷ್ಟಾಯಿತು?"

ಅವರು ವಾಚ್ ಕಟ್ಟುವವರಲ್ಲ. ನೆಲ ನೋಡಿ, "ಎರಡೂವರೆಗೆ ಐದು ನಿಮಿಷ ಇರಬೇಕು. ಚೇರ್‌ಮನ್ ಸಾಹೇಬರು ನೆರಳಿಗೆ ಬಂದರು. ಇನ್ನು ಅವರ ಹಿಂದಿನ ಸಾಲು," ಎಂದರು. ನಲವತ್ತು ಜನ ಮೊಬೈಲ್ ನೋಡಿದರು. ಎರಡು ಇಪ್ಪತ್ತೈದು.

ನೆರಳು ಮೊದಲ ಸಾಲು ಹತ್ತಿತು. ಕಂಪನಿಯ ಎಂಜಿನಿಯರ್ ಪರೇಶ್‌ಭಾಯ್ ಅವರನ್ನು ನಾನೇ ಕರೆಸಿದ್ದೆ. ಪ್ಯಾನೆಲ್‌ಗಳು ಪ್ರಾಯೋಗಿಕವಾಗಿ ಚಾಲೂ ಆಗಿದ್ದವು. ಉತ್ಪಾದನೆ ಅವರ ಫೋನಿನ ಆ್ಯಪ್‌ನಲ್ಲಿ ಕಾಣುತ್ತಿತ್ತು. "ದಯವಿಟ್ಟು ಓದಿ ಹೇಳಿ," ಎಂದೆ. ಅವರು ಐದು ನಿಮಿಷಕ್ಕೊಮ್ಮೆ ಓದಿದರು. ಪ್ರತಿ ಸಲವೂ ದನಿ ತಗ್ಗಿತು. ಮೂರು ಗಂಟೆಗೆ ಓದಲಿಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಬಿ ಟವರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಎದ್ದು ನಿಂತರು. "ಅಂದರೆ ನಮ್ಮ ಲಿಫ್ಟಿಗೆ ಅರ್ಧ ದಿನದ ಕರೆಂಟಾ? ಎ ಟವರ್ ಮೇಲೆ ಹಾಕಿದ್ದರೆ?"

"ಅಲ್ಲಿ ಸಂಜೆವರೆಗೂ ಬಿಸಿಲು," ಎಂದರು ಪರೇಶ್‌ಭಾಯ್, ಭರತ್‌ಭಾಯ್ ಕಡೆ ನೋಡದೆ. "ನಮ್ಮ ಮೊದಲ ನಕ್ಷೆ ಅದೇ ಆಗಿತ್ತು."

"ಮತ್ತೆ ಬದಲಾಯಿಸಿದ್ದು ಯಾಕೆ?"

ಹಿಂದಿನಿಂದ ಸಿ ಟವರಿನ ಹೆಂಗಸೊಬ್ಬರು ಕೂಗಿದರು: "ಉತ್ತರಾಯಣಕ್ಕೆ! ಅವರ ಟೆರೇಸ್ ಹೋದರೆ ಡಿಜೆ ಎಲ್ಲಿ ಹಾಕ್ತಾರೆ?" ನಗೆ ಸಿಡಿಯಿತು. ನಮ್ಮ ಸಂಕ್ರಾಂತಿಯೇ ಇಲ್ಲಿಯ ಉತ್ತರಾಯಣ; ಇಡೀ ನಗರ ಟೆರೇಸ್ ಹತ್ತಿ ಗಾಳಿಪಟ ಹಾರಿಸುವ ದಿನ. ಎತ್ತರದ ಟೆರೇಸ್ ಇದ್ದವನೇ ಆ ದಿನ ರಾಜ. ಭರತ್‌ಭಾಯ್ ಅವರ ಉತ್ತರಾಯಣದ ಪಾರ್ಟಿ ಬೋಪಾಲ್‌ನಲ್ಲೇ ಹೆಸರುವಾಸಿ.

ಆಗ ನಾನು ಹಿಂದಿನ ಕಮಿಟಿ ಸಭೆಯ ನಡಾವಳಿ ಓದಿದೆ. ನಮ್ಮ ಸೊಸೈಟಿಯಲ್ಲಿ ಅದು ನಿಯಮ, ಯಾರೂ ತಡೆಯುವಂತಿಲ್ಲ. ನಿಧಾನವಾಗಿ, ಸಿಸ್ಟರ್‌ಗಳು ಕಲಿಸಿದ ಉಚ್ಚಾರದಲ್ಲಿ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಡಿ ಬ್ಲಾಕಿನವರಿಗೆ ತಿಳಿಯಲೆಂದು ನನ್ನ ಮುರುಕು ಗುಜರಾತಿಯಲ್ಲಿ. ಬೆರಣಿಯ ವಾಕ್ಯ ಬಂದಾಗ ಯಾರೂ ನಗಲಿಲ್ಲ. "ಇದರ ಕೆಳಗೆ ಅಧ್ಯಕ್ಷರ ಸಹಿ ಇದೆ," ಎಂದು ಪುಟ ತಿರುಗಿಸಿ ತೋರಿಸಿದೆ. ಹಂಸಾಬೆನ್ ಮೆಲ್ಲಗೆ, "ಬೆರಣಿ ತಟ್ಟಲಿಕ್ಕೂ ಬಿಸಿಲು ಬೇಕು ಭರತ್‌ಭಾಯ್," ಎಂದರು.

ಅದೇ ಸಭೆಯಲ್ಲಿ ನನ್ನ ತಪ್ಪನ್ನೂ ಹೇಳಿದೆ: ಎರಡನೆಯ ಪುಟ ಓದಿಯೂ ಅವರಿಗೆ ಹೇಳದೆ ಸಹಿ ಪಡೆದವಳು ನಾನು. ಠರಾವು ಪಾಸಾಯಿತು. ಪ್ಯಾನೆಲ್‌ಗಳು ಎ ಟವರಿಗೆ ಹೋಗಬೇಕು. ಯಾವುದೇ ಬ್ಲಾಕಿನ ಟೆರೇಸ್ ಮೇಲೆ ಏನೇ ಹಾಕುವುದಿದ್ದರೂ ಆ ಬ್ಲಾಕಿನವರ ಸಭೆಯನ್ನು ಅದೇ ಟೆರೇಸಿನಲ್ಲಿ, ಗುಜರಾತಿಯಲ್ಲಿ ನಡೆಸಬೇಕು. ನೆಟ್ ಮೀಟರ್ ತಪಾಸಣೆ ಇನ್ನೂ ಆಗಿರದ ಕಾರಣ ಕಂಪನಿ ಸ್ಥಳ ಬದಲಿಸಲು ಒಪ್ಪಿತು. ಮುಗಿಸುವ ತಾರೀಖನ್ನು ನಾನೇ ಸೂಚಿಸಿದೆ: ಜನವರಿ ಹತ್ತು. ಉತ್ತರಾಯಣ ಹದಿನಾಲ್ಕಕ್ಕೆ.

ಹೊಸ ವರ್ಷದ ಮೊದಲ ವಾರ ಭರತ್‌ಭಾಯ್ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಸ್ವೀಟ್ ಡಬ್ಬ. ಮಗಳ ಕಡೆಯ ಬೀಗರು ಮೊದಲ ಸಲ ಸೂರತ್‌ನಿಂದ ಹಬ್ಬಕ್ಕೆ ಬರುವವರಿದ್ದರು. "ಒಂದೇ ವಾರ ಮುಂದೆ ಹಾಕಿ ಬೆನ್. ಹಬ್ಬ ಮುಗಿದ ಮಾರನೇ ದಿನ ನಾನೇ ನಿಂತು ಹಾಕಿಸ್ತೇನೆ." ಅವರ ಹೆಂಡತಿ ನನ್ನ ಮುಖ ನೋಡಲಿಲ್ಲ, ಸೋಫಾದ ಕವರಿನ ದಾರ ಎಳೆಯುತ್ತಿದ್ದರು.

ಅವರಿಗೆ ಚಹಾ ಕೊಟ್ಟೆ, ಶುಂಠಿ ಹಾಕಿ. "ತಾರೀಖು ಠರಾವಿನಲ್ಲಿ ಬರೆದಾಗಿದೆ ಭರತ್‌ಭಾಯ್. ನನ್ನ ಅಕ್ಷರದಲ್ಲಿ ತಿದ್ದುಪಡಿ ಚೆನ್ನಾಗಿ ಕಾಣುವುದಿಲ್ಲ," ಎಂದೆ.

ಅವರು ಹೋದ ಮೇಲೆ ಯಜಮಾನರು, "ಒಂದು ವಾರ ಕೊಡ್ಬಹುದಿತ್ತು ಮಾರಾಯ್ತಿ," ಎಂದರು. ಹಂಸಾಬೆನ್ ಕೂಡ ಅದನ್ನೇ ಹೇಳಿದರು: "ಕೊಟ್ಟುಬಿಡಿ ಬೆನ್, ಹಬ್ಬ ಅಲ್ಲವಾ. ನಮ್ಮ ಟೆರೇಸ್ ನಮಗೆ ಸಿಕ್ತಲ್ಲ." ನಾನು ಕೊಡಲಿಲ್ಲ.

ಉತ್ತರಾಯಣದ ಬೆಳಿಗ್ಗೆ ಡಿ ಬ್ಲಾಕಿನವರು ನಮ್ಮನ್ನೂ ಕರೆದಿದ್ದರು. ಟೆರೇಸಿನ ಕಟ್ಟೆಯಿಂದ ಬಗ್ಗಿ ನೋಡಿದರೆ, ಭರತ್‌ಭಾಯ್ ಬೀಗರೊಡನೆ ಗಾಳಿಪಟದ ಕಟ್ಟು, ಉಂಧಿಯು ಎಂಬ ಹಬ್ಬದ ಪಲ್ಯದ ದೊಡ್ಡ ಪಾತ್ರೆ ಕಾರಿಗೆ ಏರಿಸುತ್ತಿದ್ದರು. ನಗರದೊಳಗಿನ ನವರಂಗಪುರದ ಯಾರದೋ ಟೆರೇಸಿಗೆ ಹೊರಟಿದ್ದರು. ತಲೆ ಎತ್ತಿದರು. ನಾನು ನಗುನಗುತ್ತ ಕೈ ಬೀಸಿದೆ.

ಈಗ ಪರೇಶ್‌ಭಾಯ್ ಹೊಸ ಸೊಸೈಟಿಗೆ ಹೋಗುವಾಗ ಆಗಾಗ ಫೋನ್ ಮಾಡುತ್ತಾರೆ. ನಾನು ಹೇಳುವುದು ಇಷ್ಟೆ: ಬಿಸಿಲನ್ನು ಅಳೆಯುವ ಮೊದಲು ಅಲ್ಲಿ ಯಾರು ಏನು ಒಣಗಿಸುತ್ತಾರೆಂದು ಕೇಳಿ, ಅವರೊಡನೆ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ ಕೂತುಕೊಳ್ಳಿ. ಕೇಳದೆ ಕಟ್ಟಿದ್ದು ಎಷ್ಟು ಸ್ವಚ್ಛ ಶಕ್ತಿಯಾದರೂ ಯಾರದೋ ಒಲೆ ಆರಿಸಿಯೇ ಉರಿಯುತ್ತದೆ.

ಹುದ್ದೆ ಕಲಿಸಿದ ಇನ್ನೊಂದು ಪಾಠವನ್ನು ಅವರಿಗೆ ಹೇಳಿಲ್ಲ. ನ್ಯಾಯಕ್ಕೂ ಸೇಡಿಗೂ ಗೆರೆ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು, ಅದನ್ನು ದಾಟಿದ್ದೂ ಗೊತ್ತಿದ್ದೇ. ಟೆರೇಸ್ ಮರಳಿ ಸಿಕ್ಕಿದ್ದು ಡಿ ಬ್ಲಾಕಿನ ಪಾಲಿನ ನ್ಯಾಯ. ಆ ಒಂದು ವಾರ ಮಾತ್ರ ನನ್ನದು. ಇನ್ನೊಮ್ಮೆ ಕೇಳಿದರೂ ಕೊಡುವುದಿಲ್ಲ.