ಬಿದ್ದ ಹೆಬ್ಬಾತಿನ ರೆಕ್ಕೆ

ಆ ಬೆಳಿಗ್ಗೆ ಕೋವಿ ಮೂರು ಸಲ ಸಿಡಿಯಿತು ಎಂದು ನನ್ನ ನೆನಪು ಹೇಳುತ್ತದೆ. ಅದು ಜೋಡಿ ನಳಿಗೆಯ ಕೋವಿ, ಎರಡೇ ತೋಟಾ ಹಿಡಿಸುವಂಥದ್ದು. ನಡುವೆ ಯಾರೂ ತೋಟಾ ತುಂಬಿದ್ದನ್ನು ನಾನು ನೋಡಿಲ್ಲ. ಅಂದರೆ ನನ್ನ ತಲೆಯೊಳಗಿರುವ ಒಂದು ಸದ್ದು ಸುಳ್ಳು. ಯಾವುದೆಂದು ಗೊತ್ತಿಲ್ಲ. ಇಲ್ಲಿ ಬರೆಯುವ ಉಳಿದದ್ದರಲ್ಲೂ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ.

ಜೊತೆಗಿದ್ದ ಗೆಳೆಯ ಕೊಡಗಿನವನು. ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ಸಂಶೋಧನೆಗೆಂದು ಬಂದ ನಾವಿಬ್ಬರೂ ಒಂದೇ ಮನೆಯಲ್ಲಿ ಮೇಲಿನ ಕೋಣೆ, ಕೆಳಗಿನ ಕೋಣೆ ಹಿಡಿದಿದ್ದೆವು. ಅವನದು ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ ಕೆಲಸ. ಈ ದೇಶದಲ್ಲಿ ಬೇಟೆಯಾಡಬೇಕಾದರೆ ತರಗತಿಗೆ ಹೋಗಬೇಕು, ಪರೀಕ್ಷೆ ಪಾಸು ಮಾಡಬೇಕು, ಪರವಾನಗಿ ಪಡೆಯಬೇಕು. ಅವನು ಸಂಜೆಯ ತರಗತಿಗೆ ಸೇರಿಕೊಂಡ. ಅಲ್ಲಿ ಪರಿಚಯವಾದ ಒಬ್ಬ ವಯಸ್ಸಾದ ಡಚ್ ರೈತ, ಒಂದು ದಿನ ಬಂದು ನೋಡು, ಕೋವಿಯನ್ನು ಮಾತ್ರ ಮುಟ್ಟುವಂತಿಲ್ಲ, ಎಂದು ಕರೆದಿದ್ದ. ಬೇಟೆಗಾರರ ಮಾತಿನಲ್ಲಿ ಅರ್ಧ ಬುರುಡೆ ಎಂದು ವಾದಿಸುತ್ತಿದ್ದ ನಾನು ಕಣ್ಣಾರೆ ನೋಡಿಯೇ ಬಿಡೋಣವೆಂದು ಜೊತೆಗೆ ಹೊರಟೆ.

ಹೊಸಬರಿಗೆ ಏನೇನು ಬೇಕು ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ಗೆಳೆಯ ಬೆನ್ನಚೀಲ ತುಂಬಿಸಿಕೊಂಡು ಬಂದಿದ್ದ. ರೈತ ತನ್ನ ಅಂಗಳದಲ್ಲೇ ಅದನ್ನು ಬಿಚ್ಚಿಸಿ, ಒಂದೊಂದನ್ನೇ ತೆಗೆದು ಟ್ರಾಕ್ಟರಿನ ಟ್ರೇಲರ್ ಮೇಲಿಟ್ಟ. ದುರ್ಬೀನು, ಬಾತಿನ ಕೂಗು ಹೊರಡಿಸುವ ಪೀಪಿ, ಒಂದು ಮೊಳದ ಚಾಕು, ಮುಖಕ್ಕೆ ಬಳಿಯುವ ಹಸಿರು ಬಣ್ಣ.

"ಇದು ಯಾತಕ್ಕೆ?" ಎಂದು ಬಣ್ಣದ ಡಬ್ಬಿ ಎತ್ತಿ ಇಂಗ್ಲಿಷಿನಲ್ಲಿ ಕೇಳಿದ.

"ಹಕ್ಕಿಗೆ ಕಾಣದ ಹಾಗೆ."

"ನಿನ್ನ ಮುಖಕ್ಕೆ ಬೇಡ. ದೂರದಿಂದ ಹೊಳೆಯೋದು ನನ್ನ ಬಿಳಿ ಮುಖ," ಎಂದು ರೈತ ಅದನ್ನು ತನ್ನ ಜೇಬಿಗೆ ಹಾಕಿಕೊಂಡ.

ಅವನು ಬದಲಿಗೆ ಕೊಟ್ಟದ್ದು ತೊಡೆಯವರೆಗೆ ಬರುವ ರಬ್ಬರ್ ಬೂಟು, ಸಗಣಿ ವಾಸನೆಯ ಮಾಸಲು ಕೋಟು, ಅಂಚಿರುವ ಟೋಪಿ, ಕಿವಿ ಮುಚ್ಚಲು ದೊಡ್ಡ ಹೆಡ್‌ಫೋನಿನಂಥದ್ದು, ಕೂರಲು ಬೋರಲು ಹಾಕಿದ ಬಕೆಟ್ಟು. ಇಷ್ಟು ಸಾಕು, ಉಳಿದದ್ದು ಅಂಗಡಿಯವನ ಹೊಟ್ಟೆಪಾಡಿಗೆ, ಎಂದ. ತೋಟಾದೊಳಗಿನ ಸಣ್ಣ ಗುಂಡು, ಚರೆ, ಉಕ್ಕಿನದೇ ಆಗಿರಬೇಕು, ಸೀಸ ಇಲ್ಲಿ ನಿಷಿದ್ಧ, ಎಂದೂ ತೋರಿಸಿದ. ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ಬಾತು, ಹೆಬ್ಬಾತುಗಳ ಬೇಟೆಗೆ ಹೊಸಬರು ಮೊದಲು ಏನು ಕೊಳ್ಳಬೇಕೆಂದು ಈಗ ನನ್ನನ್ನು ಕೇಳಿದರೆ ಒಂದು ಗಟ್ಟಿ ಕನ್ನಡಕ ಎನ್ನುತ್ತೇನೆ. ಬೂಟು ಆಮೇಲೆ.

ಹಾರುವ ಹಕ್ಕಿಗಳನ್ನು ಸೆಳೆಯಲು ಹುಲ್ಲುಗಾವಲಿನಲ್ಲಿ ಪ್ಲಾಸ್ಟಿಕ್ ಹೆಬ್ಬಾತುಗಳನ್ನು ಗಾಳಿಗೆ ಮುಖ ಮಾಡಿ ನೆಟ್ಟೆವು. ಹಸುಗಳ ಪಾಲಿನ ಹುಲ್ಲನ್ನು ಹೆಬ್ಬಾತುಗಳು ಬೇರುಸಹಿತ ತಿಂದು ಮುಗಿಸುತ್ತಿವೆ ಎಂಬುದು ರೈತನ ಸಿಟ್ಟು. ಕಾಲುವೆಯ ಅಂಚಿಗೆ ಮರೆಯಾಗಿ ಹಸಿರು ಬಲೆ ಕಟ್ಟಿ ಅದರ ಹಿಂದೆ ಸಾಲಾಗಿ ಕೂತೆವು: ರೈತ, ಅವನ ಕಪ್ಪು ನಾಯಿ, ಗೆಳೆಯ, ಕೊನೆಯಲ್ಲಿ ನಾನು. ಬೆಳಕು ಹರಿಯುತ್ತಿತ್ತು.

"ನಮ್ಮಜ್ಜನ ಕಾಲದಲ್ಲಿ ಬಿದ್ದಿದ್ದನ್ನ ಮೊದ್ಲು ಮುಟ್ಟಿದವನಿಗೆ ಒಂದ್ ಪಾಲು ಎತ್ತಿಡ್ತಿದ್ರಂತೆ," ಎಂದು ಗೆಳೆಯ ಪಿಸುಗುಟ್ಟಿದ.

"ನೀನ್ಯಾವಾಗ ಬೇಟೆಗೆ ಹೋಗಿದ್ದೆ?"

"ನಾನೆಲ್ಲೋ ಹೋಗ್ಲಿ. ನಮ್ ಕಾಲಕ್ಕೆ ತೆಂಗಿನಕಾಯಿ. ಕೈಲ್‌ಮುಹೂರ್ತದ ದಿನ ಕೋವಿ ಪೂಜೆ ಮಾಡಿ, ಮರಕ್ಕೆ ಕಟ್ಟಿ ಹೊಡೀತಾರಲ್ಲ, ಕಾಯಿ ಬಿದ್ದ ತಕ್ಷಣ ಓಡೋದು. ಕಸಿನ್ಸ್ ಎಲ್ಲ ಮೊಣಕೈಯಲ್ಲಿ ಗುದ್ದೋರು. ನನ್ನಷ್ಟು ಕಾಯಿ ಯಾರೂ ತಂದಿಲ್ಲ ಮಗಾ."

"ತೆಂಗಿನಕಾಯಿ ತಿರುಗಿ ಗುದ್ದಲ್ಲ."

"ಶ್. ಬಂತು ನೋಡು."

ಹೆಬ್ಬಾತುಗಳು ತಗ್ಗಿ ಬಂದವು, ಕಾಲು ಚಾಚಿ, ಗಂಟಲು ಹರಿಯುವಂತೆ ಕೂಗುತ್ತ. ರೈತ ಎದ್ದು ಹೊಡೆದ. ಒಂದು ಹಕ್ಕಿ ಗಾಳಿಯಲ್ಲೇ ಮುದುಡಿ, ಒಂದು ರೆಕ್ಕೆ ಜೋಲುಬಿಟ್ಟು ಸುತ್ತುತ್ತ ಬಂದು ನೆಲಕ್ಕೆ ಅಪ್ಪಳಿಸಿತು. ಆ ಸದ್ದು ಕಿವಿಗವಸು ದಾಟಿ ಎದೆಗೆ ತಾಗಿತು. ತಿರುಗಿ ನೋಡಿದರೆ ಪಕ್ಕದ ಬಕೆಟ್ಟು ಖಾಲಿ. ಗೆಳೆಯ ಬಲೆ ಹಾರಿ ಓಡುತ್ತಿದ್ದ. ಅಪ್ಪಣೆಯಿಲ್ಲದೆ ಕದಲದ ನಾಯಿ ಕೂತಲ್ಲೇ ಕುಳಿತಿತ್ತು. ರೈತ ಡಚ್ಚಿನಲ್ಲಿ ಅಬ್ಬರಿಸಿದ. ಕೋವಿ ಮತ್ತೆ ಸಿಡಿಯಿತು. ನನ್ನ ನೆನಪಿನಲ್ಲಿ ಆ ನಳಿಗೆ ಆಕಾಶ ಬಿಟ್ಟು ಕೆಳಗಿಳಿಯುತ್ತದೆ, ಗೆಳೆಯನ ಬೆನ್ನಿಗೆ ನೇರವಾಗಿ ನಿಲ್ಲುತ್ತದೆ, ಬೆಂಕಿ ಉಗುಳುತ್ತದೆ. ಅವನು ಮಂಡಿಯೂರಿ ಹಕ್ಕಿಯ ಮೇಲೆ ಬೀಳುತ್ತಾನೆ. ಮುಖ ಎತ್ತಿದಾಗ ಎಡಭಾಗ ಪೂರ್ತಿ ರಕ್ತ.

ನಾನು ತಲುಪುವ ಹೊತ್ತಿಗೆ ಅವನೂ ಹೆಬ್ಬಾತೂ ಕೆಸರಿನಲ್ಲಿ ಹೊರಳುತ್ತಿದ್ದರು. ಅದರ ಕುತ್ತಿಗೆಯನ್ನು ಅವನು ಬಿಟ್ಟಿರಲಿಲ್ಲ. ಅದು ಉಳಿದ ಒಂದೇ ರೆಕ್ಕೆಯಿಂದ ಅವನ ಎದೆ, ಭುಜ, ಕಿವಿ ಎನ್ನದೆ ಬಡಿಯುತ್ತಿತ್ತು, ಒನಕೆಯಲ್ಲಿ ಕುಟ್ಟಿದ ಹಾಗೆ. ರೈತ ಕೋವಿ ಮಡಚಿ ಎಸೆದು ಬಂದು, ಹಕ್ಕಿಯನ್ನು ಕಿತ್ತುಕೊಂಡು ಒಂದೇ ಏಟಿಗೆ ಕುತ್ತಿಗೆ ತಿರುವಿದ. ಆಮೇಲೂ ಅದರ ಕಾಲು ಗಾಳಿಯಲ್ಲಿ ತುಳಿಯುತ್ತಲೇ ಇತ್ತು.

ನಾನು ರೈತನಿಗೆ ಹೊಡೆದೆ. ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದ್ದಷ್ಟೇ ನನಗೆ ನೆನಪಿದೆ. ಆದರೆ ಕಾರಿನಲ್ಲಿ ಅವನ ತುಟಿ ಸೀಳಿತ್ತು, ನನ್ನ ಬೆರಳ ಗೆಣ್ಣುಗಳು ಊದಿದ್ದವು. ಆ ತುಟಿಯಲ್ಲೇ ಅವನು ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಗೆಳೆಯನ ತಲೆ ನನ್ನ ತೊಡೆಯ ಮೇಲಿತ್ತು.

"ನಾನು ಮೇಲಕ್ಕೆ ಹೊಡೆದೆ," ಎಂದ ರೈತ.

"ಸುಳ್ಳು. ಇವನ ಮೇಲೆ ಹೊಡೆದೆ. ನಾನು ನೋಡಿದೆ."

"ಮೇಲಕ್ಕೆ."

"ಇಬ್ರೂ ಬಾಯಿ ಮುಚ್ಚಿ," ಎಂದ ಗೆಳೆಯ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕಣ್ಣಿನ ಮೇಲೊತ್ತಿದ್ದ ಟವೆಲ್ಲಿನಿಂದ ರಕ್ತದ ಜೊತೆ ಇನ್ನೇನೋ ತಿಳಿಯಾದದ್ದು ಸೋರುತ್ತಿತ್ತು. "ಕಣ್ಣು ಉಳಿಯುತ್ತಾ? ಅಷ್ಟು ಹೇಳೋ."

ನಾನು ಉಳಿಯುತ್ತದೆ ಎಂದೆ. ಯಾವ ಆಧಾರವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಕೋವಿ ಎಂಬ ಮಾತು ಕೇಳಿದೊಡನೆ ಮೊದಲು ತಲೆಯ ಸ್ಕ್ಯಾನ್ ಮಾಡಿದರು. ಲೋಹದ ಚೂರು ಒಂದೂ ಇರಲಿಲ್ಲ. ವೈದ್ಯೆ ತನ್ನ ತೋಳು ಮಡಚಿ ಮಣಿಕಟ್ಟನ್ನು ಮುಟ್ಟಿ ತೋರಿಸಿದಳು: ಹೆಬ್ಬಾತಿನ ರೆಕ್ಕೆ ಮಡಚುವ ಕಡೆ ಇಂಥದೇ ಗಟ್ಟಿ ಮೂಳೆಯ ಗಂಟಿದೆ, ಅದು ಬಡಿದು ಕಣ್ಣುಗುಡ್ಡೆ ಒಡೆದಿದೆ. ಹೊಲಿದಿದ್ದೇವೆ. ದೃಷ್ಟಿಯ ಬಗ್ಗೆ ಈಗ ಏನೂ ಹೇಳಲಾಗದು.

ನಾನು ರೈತನ ಕ್ಷಮೆ ಕೇಳಿದೆ. ಅವನು ಭುಜ ಕುಣಿಸಿ, ನಿನ್ನ ಕೈಯೇಟು ಚೆನ್ನಾಗಿದೆ, ಎಂದ. ಕೆಲವು ದಿನ ಬಿಟ್ಟು ಆ ಹೆಬ್ಬಾತಿನ ಎದೆಯ ಮಾಂಸವನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದುಕೊಟ್ಟ. ಗೆಳೆಯ ಪಟ್ಟಿ ಕಟ್ಟಿದ ಮುಖ ಇತ್ತ ತಿರುಗಿಸಿ, "ನನ್ನ ಪಾಲು ಬಂತು ನೋಡು," ಎಂದ. ಮೆಣಸು ಅರೆದು, ಊರಿನಿಂದ ಬಂದ ಕಾಚಂಪುಳಿಯ ಕಪ್ಪು ಹುಳಿರಸ ಸುರಿದು ಬೇಯಿಸಿದೆವು. ಚಪ್ಪಲಿಯ ಹಾಗೆ ಗಟ್ಟಿ. ಮೂರನೆಯ ತುತ್ತಿಗೆ ಚರೆಯೊಂದು ಹಲ್ಲಿಗೆ ಸಿಕ್ಕಿ ನನ್ನ ದವಡೆಹಲ್ಲಿನ ಮೂಲೆ ಚೂರಾಯಿತು.

ಆ ಚಳಿಗಾಲವಿಡೀ ಅವನು ಮನೆಗೆ ವಿಡಿಯೋ ಕರೆ ಮಾಡುವಾಗ ಬಲಗೆನ್ನೆ ಮಾತ್ರ ಕಾಣುವಂತೆ ಕೂರುತ್ತಿದ್ದ. ಎರಡನೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲರಿಗೂ ಒಂದೇ ಉತ್ತರ: ಈಗ ಚೆನ್ನಾಗಿ ಕಾಣುತ್ತೆ. ಪ್ರಯೋಗಾಲಯದಲ್ಲೂ ಹಾಗೇ ಹೇಳಿದ. ರೈತನಿಗೂ ಹೇಳಿದ, ತರಗತಿಗೆ ವಾಪಸು ಬರುತ್ತೇನೆ ಎಂದೂ ಸೇರಿಸಿದ. ಅದೇ ಹೊತ್ತಿಗೆ ಅವನು ಚಹಾ ಸುರಿಯುವಾಗ ಲೋಟದ ಹೊರಗೆ ಚೆಲ್ಲುವುದನ್ನು, ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಸಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ನೋಡುತ್ತಿದ್ದೆನೋ, ಅನುಮಾನಕ್ಕೆ ತಕ್ಕಂತೆ ಜೋಡಿಸಿಕೊಳ್ಳುತ್ತಿದ್ದೆನೋ. ನಳಿಗೆ ಅವನತ್ತ ಇಳಿದದ್ದನ್ನೂ ನಾನು ನೋಡಿದ್ದೆನಲ್ಲ. ಸ್ಕ್ಯಾನ್ ಆದ ಮೇಲೂ ಆ ನಳಿಗೆ ನನ್ನೊಳಗೆ ಇಳಿಯುವುದನ್ನು ನಿಲ್ಲಿಸಿಲ್ಲ.

ಒಂದು ಭಾನುವಾರ ರಾಟರ್‌ಡ್ಯಾಮಿಗೆ ಹೋಗುವ ರೈಲಿನಲ್ಲಿ ಎದುರುಬದುರು ಕೂತಿದ್ದೆವು. "ನಿಂಗೆ ನಂಬಿಕೆ ಇಲ್ಲ ಅಲ್ವಾ?" ಎಂದು ಅವನೇ ಕೇಳಿದ. "ಮಾಡು ಟೆಸ್ಟು."

ಅವನು ಬಲಗಣ್ಣಿಗೆ ಒತ್ತಿಕೊಂಡ ಅಂಗೈಯನ್ನು ನಾನು ನಂಬಲಿಲ್ಲ. ಬಲಗಣ್ಣನ್ನು ನನ್ನದೇ ಎಡಗೈಯಿಂದ ಮುಚ್ಚಿ, ಇನ್ನೊಂದು ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

"ಎರಡು," ಎಂದ. ಸರಿ. "ನಾಲ್ಕು." ಸರಿ. ಬೆರಳೆಲ್ಲ ಮಡಚಿದೆ. "ಮುಷ್ಟಿ. ಹೊಡೀಬೇಡ ಮಾರಾಯ, ಇನ್ನೊಂದಾದ್ರೂ ಇರ್ಲಿ."

ಕೈಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಂದೆ. ಅವನು ಉತ್ತರಿಸುವುದು ನಿಧಾನವಾಯಿತು. ಆಮೇಲೆ ಬರೀ ಊಹೆ. ಆಮೇಲೆ ಊಹೆಯೂ ಇಲ್ಲ, ನನ್ನ ಕೈಯಡಿ ಅವನ ರೆಪ್ಪೆ ಒದ್ದೆಯಾಗಿ ಮಿಸುಕಾಡಿತು ಅಷ್ಟೆ. ಮತ್ತೆ ಹತ್ತಿರ ತಂದೆ, ಮತ್ತೆ ದೂರ ಒಯ್ದೆ. ಪ್ರತಿ ಸಲವೂ ಉತ್ತರ ನಿಂತದ್ದು ಒಂದೇ ಜಾಗದಲ್ಲಿ. ಆ ಎಡಗಣ್ಣಿಗೆ ಒಂದು ಮೊಳದವರೆಗೆ ಬೆರಳು ಎಣಿಸಲು ಬರುತ್ತದೆ, ಅದರಾಚೆ ಬರುವುದಿಲ್ಲ.